ಮನೆ ಕಂಪ್ಯೂಟರ್ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಳಗದಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲ ಫೋನ್ ಬರುವುದು ನನಗೆ. ಹತ್ತಕ್ಕೆ ಎಂಟು ಸಲ ಕೇಳುವುದು ಅದೇ ಹಳೇ ಪ್ರಶ್ನೆ, ನಾನು ಹೇಳುವುದೂ ಅದೇ ಹಳೇ ಉತ್ತರ. ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಹೆಚ್ಚಿನದು ವಿಂಡೋಸ್ ಬಳಸುವವರಿಗೆ, ಯಾಕೆಂದರೆ ಫೋನ್ ಮಾಡುವವರು ಹೆಚ್ಚಾಗಿ ಅವರೇ. ಧೂಳು, ಬ್ಯಾಟರಿ, ಬ್ಯಾಕಪ್ ಕತೆ ಮಾತ್ರ ಮ್ಯಾಕ್ ಇದ್ದವರಿಗೂ ಒಂದೇ. ನಾನು ನೋಡಿದ ಮಟ್ಟಿಗೆ, ಸುಮ್ನೆ ಬಿಟ್ಟಿದ್ದರಿಂದ ಕೆಟ್ಟ ಕಂಪ್ಯೂಟರ್‌ಗಳಿಗಿಂತ, ಸರಿಮಾಡುತ್ತೇನೆ ಅಂತ ಏನೇನೋ ಹಾಕಿ ಕೆಡಿಸಿಕೊಂಡವೇ ಜಾಸ್ತಿ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಕಂಪ್ಯೂಟರ್ ಯಾಕೋ ತುಂಬಾ ಸ್ಲೋ ಆಗಿದೆ. ಮೊದಲು ಏನು ಮಾಡಲಿ?

ರೀಸ್ಟಾರ್ಟ್ ಮಾಡಿ. ನಗಬೇಡಿ, ನಿಜವಾಗಿ ಅದೇ ಮೊದಲ ಮದ್ದು. ಆದರೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ. ಮೆನುವಿನಲ್ಲಿ ರೀಸ್ಟಾರ್ಟ್ ಅಂತ ಇರುತ್ತದಲ್ಲ, ಅದನ್ನೇ ಒತ್ತಬೇಕು. ಎರಡೂ ಒಂದೇ ಅಲ್ವಾ ಅಂತ ಕೇಳಬಹುದು. ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಏರ್ಪಾಡು ಇದೆ. ಶಟ್‌ಡೌನ್ ಒತ್ತಿದಾಗ ನೀವು ತೆರೆದ ಪ್ರೋಗ್ರಾಮ್‌ಗಳೇನೋ ಮುಚ್ಚಿಕೊಳ್ಳುತ್ತವೆ, ಆದರೆ ವಿಂಡೋಸ್‌ನ ಒಳಭಾಗ ಇದ್ದ ಹಾಗೇ ಡಿಸ್ಕ್‌ನಲ್ಲಿ ಉಳಿದು ಮಾರನೇ ದಿನ ಅದೇ ಎದ್ದು ಬರುತ್ತದೆ. ಬೇಗ ಆನ್ ಆಗುವುದು ಅದರಿಂದಲೇ. ಒಳಗೆ ಏನಾದರೂ ಸಿಕ್ಕಿಹಾಕಿಕೊಂಡಿದ್ದರೆ ಅದೂ ಜೊತೆಗೇ ಎದ್ದು ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರು.

ನಂಬಿಕೆ ಬಾರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ಕೆಳಗೆ ಅಪ್ ಟೈಮ್ ಅಂತ ಅಂಕಿಗಳ ಸಾಲು ಇರುತ್ತದೆ. ಮೊದಲನೇ ಅಂಕಿ ದಿನದ ಲೆಕ್ಕ. ನನ್ನ ಅತ್ತೆ ಪ್ರತಿ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುವವರು, ಅವರ ಲ್ಯಾಪ್‌ಟಾಪ್‌ನಲ್ಲಿ ಅದು 19 ತೋರಿಸುತ್ತಿತ್ತು. "ನಾನು ದಿನಾ ಆಫ್ ಮಾಡ್ತೀನಪ್ಪ, ಇದು ಸುಳ್ಳು ಹೇಳ್ತಿದೆ" ಅಂದರು. ಒಂದು ರೀಸ್ಟಾರ್ಟ್‌ಗೆ ಅವರ ಅರ್ಧ ದೂರು ಹೋಯಿತು.

ರೀಸ್ಟಾರ್ಟ್ ಮಾಡಿದೆ, ಆದರೂ ಹಾಗೇ ಇದೆ. ಈಗ?

ಅದೇ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೋಸೆಸಸ್ ಪಟ್ಟಿ ನೋಡಿ. ಮೇಲೆ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಾಲಂಗಳಿವೆ, ಪ್ರತಿಯೊಂದರ ಮೇಲೂ ಎಷ್ಟು ಶೇಕಡಾ ಅಂತ ಇರುತ್ತದೆ. ಯಾವುದು 90 ದಾಟಿ ಕೂತಿದೆಯೋ ಕಾಯಿಲೆ ಇರುವುದು ಅಲ್ಲಿ. ಆ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುತ್ತಿರುವ ಪ್ರೋಗ್ರಾಮ್ ಮೇಲಕ್ಕೆ ಬರುತ್ತದೆ. ಮೆಮೊರಿ ತುಂಬಿದ್ದರೆ ಮೊದಲ ಸಾಲಿನಲ್ಲಿ ಬಹುಪಾಲು ಬ್ರೌಸರೇ ಇರುತ್ತದೆ. 40 ಟ್ಯಾಬ್ ತೆರೆದಿಟ್ಟುಕೊಂಡು ಕಂಪ್ಯೂಟರನ್ನು ಬೈದರೆ ಅದು ತಾನೇ ಏನು ಮಾಡೀತು?

ಆಮೇಲೆ ಅಲ್ಲೇ ಸ್ಟಾರ್ಟಪ್ ಆ್ಯಪ್ಸ್‌ಗೆ ಹೋಗಿ. ಆನ್ ಮಾಡಿದ ಕೂಡಲೇ ತಾವಾಗಿಯೇ ಎದ್ದು ಕೂರುವವರ ಪಟ್ಟಿ ಅದು. ಮೀಟಿಂಗ್ ಆ್ಯಪ್, ಗೇಮ್ ಲಾಂಚರ್, ಪ್ರಿಂಟರ್ ಜೊತೆ ಬಂದ ಏನೋ ಒಂದು, ಹಾಡು ಕೇಳುವ ಆ್ಯಪ್, ಹೀಗೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಒತ್ತಿ. ಇದರಿಂದ ಆ್ಯಪ್ ಡಿಲೀಟ್ ಆಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ, ಅಷ್ಟೇ. ಆಂಟಿವೈರಸ್, ಟಚ್‌ಪ್ಯಾಡ್, ಸೌಂಡ್‌ಗೆ ಸೇರಿದ್ದನ್ನು ಮಾತ್ರ ಮುಟ್ಟಬೇಡಿ. ಯಾವುದು ಏನು ಅಂತ ಗೊತ್ತಾಗದಿದ್ದರೆ ಒಂದೊಂದಾಗಿ ನಿಲ್ಲಿಸಿ ಒಂದು ದಿನ ನೋಡಿ. ಹತ್ತನ್ನು ಒಟ್ಟಿಗೆ ನಿಲ್ಲಿಸಿದರೆ ಆಮೇಲೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಒತ್ತಿದರೆ ಸ್ಪೀಡ್ ಆಗುತ್ತದಂತೆ?

ಇಲ್ಲ. ಡೆಸ್ಕ್‌ಟಾಪ್‌ನ ಐಕಾನ್‌ಗಳನ್ನು ಇನ್ನೊಮ್ಮೆ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಹಾಗಂತ ನಾನೂ ಒತ್ತುವುದನ್ನು ಬಿಟ್ಟಿಲ್ಲ. ಕೈಗೆ ರೂಢಿಯಾಗಿ ಹೋಗಿದೆ.

ಹಳೇ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸಲೋ, ಎಸ್‌ಎಸ್‌ಡಿ ಹಾಕಿಸಲೋ?

ಒಳಗೆ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಇದ್ದು ವಿಂಡೋಸ್ ಅದರಲ್ಲೇ ಇದ್ದರೆ ಎರಡನೇ ಯೋಚನೆ ಬೇಡ, ಎಸ್‌ಎಸ್‌ಡಿ. ಹಾರ್ಡ್‌ಡಿಸ್ಕ್‌ನಲ್ಲಿ ಒಂದು ತಟ್ಟೆ ಸುತ್ತುತ್ತಿರುತ್ತದೆ, ಒಂದು ಸೂಜಿಯಂಥ ತಲೆ ಫೈಲ್ ಹುಡುಕಿಕೊಂಡು ಅದರ ಮೇಲೆ ಓಡಾಡಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಬೇಕು, ಆ ಓಡಾಟದಲ್ಲೇ ನಿಮ್ಮ ಐದು ನಿಮಿಷ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಫೈಲ್ ಇರುವುದು ಚಿಪ್‌ಗಳಲ್ಲಿ, ತಿರುಗುವ ಭಾಗವೇ ಇಲ್ಲ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ಅಂತ ಬರೆದಿರುತ್ತದೆ, ನೋಡಿಕೊಳ್ಳಿ.

ಎಸ್‌ಎಸ್‌ಡಿ ಈಗಾಗಲೇ ಇದ್ದು, ಮೆಮೊರಿ (ರ‍್ಯಾಮ್ ಅಂದರೆ ಇದೇ) ಯಾವಾಗಲೂ 90 ಶೇಕಡಾ ಮೇಲೇ ಇದ್ದರೆ ರ‍್ಯಾಮ್ ಹಾಕಿಸಿ. ಈಗಿನ ದಿನಕ್ಕೆ 4 ಜಿಬಿ ಸಾಲದು. ಬ್ರೌಸರ್, ಆಫೀಸ್ ಕೆಲಸ, ವಿಡಿಯೋ ನೋಡುವುದು ಇಷ್ಟಕ್ಕೆ 8 ಜಿಬಿ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ತುಂಬಾ ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಒಳಗಿನ ಮುಖ್ಯ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಸೇರಿಸಲು ಆಗುವುದಿಲ್ಲ. ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ವಿಚಾರಿಸಿ.

ಸಿ ಡ್ರೈವ್ ತುಂಬಿ ಕೆಂಪಗಾಗಿದೆ. ಏನು ಡಿಲೀಟ್ ಮಾಡಬಹುದು?

ಕೈಗೆ ಸಿಕ್ಕಿದ್ದನ್ನು ಡಿಲೀಟ್ ಮಾಡಬೇಡಿ. ಅದರಲ್ಲೂ ವಿಂಡೋಸ್ ಅಂತ ಹೆಸರಿರುವ ಫೋಲ್ಡರ್ ಒಳಗೆ ಕೈ ಹಾಕಲೇಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಈ ದಾರಿಯಲ್ಲಿ ಹೋದರೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ಕಾಣುತ್ತದೆ. ಟೆಂಪರರಿ ಫೈಲ್ಸ್ ಒತ್ತಿದರೆ ಟಿಕ್ ಹಾಕುವ ಪಟ್ಟಿ ಬರುತ್ತದೆ. ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಒಂದು ಸಾಲು ಇರುತ್ತದೆ. ಅದು ಕಸವಲ್ಲ, ನಿಮ್ಮದೇ ಡೌನ್‌ಲೋಡ್ ಫೋಲ್ಡರ್. ಮಕ್ಕಳ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅಲ್ಲೇ ಬಿದ್ದಿರುತ್ತದೆ, ಯಾರೂ ಎತ್ತಿಡುವುದಿಲ್ಲ. ಅದಕ್ಕೆ ಟಿಕ್ ಹಾಕುವ ಮೊದಲು ಫೋಲ್ಡರ್ ತೆರೆದು ಒಮ್ಮೆ ನೋಡಿ.

ಅದೇ ಪಟ್ಟಿಯಲ್ಲಿ ಹಿಂದಿನ ವಿಂಡೋಸ್‌ನ ಫೈಲ್‌ಗಳು ಅಂತ ಹತ್ತಾರು ಜಿಬಿಯ ಸಾಲು ಕಾಣಬಹುದು. ದೊಡ್ಡ ಅಪ್‌ಡೇಟ್ ಆದಮೇಲೆ, ಬೇಡವಾದರೆ ಹಿಂದಕ್ಕೆ ಹೋಗಲಿ ಅಂತ ಇಟ್ಟುಕೊಂಡಿರುವುದು ಅದು. ಸಾಮಾನ್ಯವಾಗಿ 10 ದಿನಕ್ಕೆ ತಾನೇ ಹೋಗುತ್ತದೆ. ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ನೀವೇ ತೆಗೆಯಬಹುದು. ಆಮೇಲೆ ರೀಸೈಕಲ್ ಬಿನ್. ಡಿಲೀಟ್ ಮಾಡಿದ್ದು ಅಲ್ಲಿ ಕೂತಿರುವಷ್ಟು ದಿನ ಜಾಗ ಬಿಡುವುದಿಲ್ಲ. ಡ್ರೈವ್‌ನಲ್ಲಿ ಸುಮಾರು 15ರಿಂದ 20 ಶೇಕಡಾ ಖಾಲಿ ಇಟ್ಟುಕೊಂಡರೆ ಅಪ್‌ಡೇಟ್‌ಗೂ ತೊಂದರೆ ಇಲ್ಲ, ಎಸ್‌ಎಸ್‌ಡಿಗೂ ಒಳ್ಳೆಯದು.

1 ಟಿಬಿ ಡಿಸ್ಕ್ ತಂದೆ, ಕಂಪ್ಯೂಟರ್ 931 ಜಿಬಿ ಅನ್ನುತ್ತದೆ. ಮೋಸವಾ?

ಮೋಸ ಅಲ್ಲ, ಅಳತೆಗೋಲು ಬೇರೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಬೈಟ್‌ಗಳು ಅಷ್ಟೇ ಇವೆ.

ಪಿಸಿ ಕ್ಲೀನರ್, ರಿಜಿಸ್ಟ್ರಿ ಕ್ಲೀನರ್, ಸ್ಪೀಡ್ ಬೂಸ್ಟರ್ ಇವುಗಳಲ್ಲಿ ಯಾವುದು ಒಳ್ಳೆಯದು?

ಯಾವುದೂ ಬೇಡ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ದೊಡ್ಡ ಪುಸ್ತಕ. ಅದರಲ್ಲಿ ಬೇಡದ ನಾಲ್ಕು ಸಾಲು ಉಳಿದುಕೊಂಡರೆ ನಿಮಗೆ ಕಾಣುವಷ್ಟು ಸ್ಲೋ ಆಗುವುದಿಲ್ಲ. ಬೇಕಾದ ಒಂದು ಸಾಲು ಹೋದರೆ ಮಾತ್ರ ಯಾವುದೋ ಪ್ರೋಗ್ರಾಮ್ ಮೇಲೇಳುವುದಿಲ್ಲ. ಮೈಕ್ರೋಸಾಫ್ಟ್ ಕೂಡ ರಿಜಿಸ್ಟ್ರಿ ಕ್ಲೀನರ್ ಬಳಕೆಗೆ ತನ್ನ ಬೆಂಬಲ ಇಲ್ಲ ಅಂತಲೇ ಹೇಳಿದೆ. "ನಿಮ್ಮ ಕಂಪ್ಯೂಟರ್‌ನಲ್ಲಿ 1,348 ದೋಷಗಳು ಸಿಕ್ಕಿವೆ" ಅಂತ ಹೆದರಿಸಿ, ಸರಿಮಾಡಲು ದುಡ್ಡು ಕೊಡಿ ಅನ್ನುವ ಸಾಫ್ಟ್‌ವೇರ್‌ಗಳಂತೂ ಇನ್ನೂ ಬೇಡ.

ಇನ್ನೊಂದು ಮಾತು. 2017ರಲ್ಲಿ ಸಿಕ್ಲೀನರ್ ಎಂಬ ಹೆಸರಾಂತ ಕ್ಲೀನರ್‌ನ 5.33 ಆವೃತ್ತಿಯೊಳಗೆ ಕಳ್ಳರು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. ಅಧಿಕೃತ ಜಾಗದಿಂದಲೇ ಇಳಿಸಿಕೊಂಡ 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಂಪ್ಯೂಟರ್‌ನಲ್ಲಿ ಸಾಫ್ಟ್‌ವೇರ್ ಕಡಿಮೆ ಇದ್ದಷ್ಟೂ ಕಳ್ಳರಿಗೆ ಬಾಗಿಲು ಕಡಿಮೆ.

ಡಿಫ್ರ್ಯಾಗ್ ಮಾಡಬೇಕಾ?

ನೀವು ಮಾಡಬೇಕಾಗಿಲ್ಲ. ವಿಂಡೋಸ್ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಹಾರ್ಡ್‌ಡಿಸ್ಕ್ ಆದರೆ ಚೆದುರಿದ ಫೈಲ್‌ಗಳ ಚೂರುಗಳನ್ನು ಒಟ್ಟುಗೂಡಿಸುತ್ತದೆ, ಡಿಫ್ರ್ಯಾಗ್ ಅಂದರೆ ಅದೇ, ಎಸ್‌ಎಸ್‌ಡಿ ಆದರೆ ಟ್ರಿಮ್ ಎಂಬ ಬೇರೆ ಕೆಲಸ ಮಾಡುತ್ತದೆ, ಅಂದರೆ ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಗಿದೆ ಅಂತ ಅದಕ್ಕೆ ತಿಳಿಸುತ್ತದೆ. ಹೊರಗಿನ ಸಾಫ್ಟ್‌ವೇರ್ ತಂದು ಎಸ್‌ಎಸ್‌ಡಿಯನ್ನು ಡಿಫ್ರ್ಯಾಗ್ ಮಾಡಿದರೆ ಲಾಭ ಏನೂ ಇಲ್ಲ, ಸುಮ್ನೆ ಸವೆಯುತ್ತದೆ.

ಆಂಟಿವೈರಸ್ ಕೊಳ್ಳಬೇಕಾ? ಎರಡು ಹಾಕಿದರೆ ಇನ್ನೂ ಗಟ್ಟಿಯಲ್ಲವಾ?

ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಮನೆ ಬಳಕೆಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲೂ ಅದೇ ಇರುವುದು. ಬೇರೆ ಕೊಂಡರೆ ತಪ್ಪೇನಿಲ್ಲ, ಆಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಹೊರಗಿನವು ಎರಡನ್ನು ಒಟ್ಟಿಗೆ ಹಾಕಬೇಡಿ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಒಂದು ಫೈಲನ್ನು ಇದು ಹಿಡಿದರೆ ಅದು ಎಳೆಯುತ್ತದೆ, ನಡುವೆ ಕಂಪ್ಯೂಟರ್ ಹ್ಯಾಂಗ್. ಹೊಸ ಲ್ಯಾಪ್‌ಟಾಪ್ ಜೊತೆ ಟ್ರಯಲ್ ಆಂಟಿವೈರಸ್ ಬಂದಿರುತ್ತದಲ್ಲ, ಅದರ ಅವಧಿ ಮುಗಿದಮೇಲೆ ಹಾಗೇ ಬಿಡಬೇಡಿ. ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ಡಿಫೆಂಡರ್ ಎದ್ದಿದೆಯಾ ನೋಡಿ.

ವೈರಸ್ ಬಂದಿದೆ ಅಂತ ಗಟ್ಟಿ ಅನುಮಾನ ಇದ್ದರೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಕಾಲು ಗಂಟೆಯ ಕೆಲಸ.

ಇದರ ಜೊತೆಗೆ, ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಿದರೆ ಆಯಿತು. ಫೋಟೋ ಅಂತ ಹೆಸರಿಟ್ಟುಕೊಂಡು ಬಂದ ಫೈಲ್‌ನ ಕೊನೆಯಲ್ಲಿ ಡಾಟ್ ಇಎಕ್ಸ್‌ಇ ಇದ್ದರೆ ಅದು ಫೋಟೋ ಅಲ್ಲ, ಪ್ರೋಗ್ರಾಮ್. 2000ನೇ ಇಸವಿಯ ಮೇ ತಿಂಗಳಲ್ಲಿ ಐ ಲವ್ ಯೂ ಎಂಬ ವೈರಸ್ ಜಗತ್ತು ಸುತ್ತಿದ್ದು ಇದೇ ಉಪಾಯದಿಂದ. ಪ್ರೇಮಪತ್ರದ ಹೆಸರಿನ ಟೆಕ್ಸ್ಟ್ ಫೈಲ್ ಹಾಗೆ ಕಾಣುತ್ತಿತ್ತು, ನಿಜವಾದ ಬಾಲ ಅಡಗಿತ್ತು.

ಸ್ಕ್ರೀನ್ ತುಂಬಾ ಕೆಂಪು ಎಚ್ಚರಿಕೆ, ಜೋರು ಸದ್ದು, "ಈ ನಂಬರ್‌ಗೆ ಫೋನ್ ಮಾಡಿ" ಅಂತ ಬಂತು. ಗಾಬರಿಯಾಗಿದೆ.

ಫೋನ್ ಮಾಡಬೇಡಿ. ಅದು ವೈರಸ್ಸೂ ಅಲ್ಲ, ಒಂದು ವೆಬ್ ಪುಟ, ಅಷ್ಟೇ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಪುಟ ಚಿಕ್ಕದಾದರೆ ಮುಚ್ಚಿ. ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ನಿಲ್ಲಿಸಿ. ಮತ್ತೆ ತೆರೆದಾಗ "ಹಿಂದಿನ ಪುಟಗಳನ್ನು ತರಲಾ" ಅಂದರೆ ಬೇಡ ಅನ್ನಿ.

ಫೋನ್ ಮಾಡಿಯೇಬಿಟ್ಟಿದ್ದೀರಿ, ಆ ಕಡೆಯವರು ಹೇಳಿದ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ರಿಮೋಟ್ ಆ್ಯಪ್ ಕೂಡ ಹಾಕಿದ್ದೀರಿ ಅಂತಾದರೆ ಮೊದಲು ಇಂಟರ್ನೆಟ್ ಕಿತ್ತುಹಾಕಿ. ಆಮೇಲೆ ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಬ್ಯಾಂಕ್, ಇಮೇಲ್ ಪಾಸ್‌ವರ್ಡ್ ಬದಲಿಸಿ. ಬ್ಯಾಂಕ್‌ಗೂ ತಿಳಿಸಿ. ನಾಚಿಕೆಪಟ್ಟುಕೊಂಡು ಎರಡು ದಿನ ಸುಮ್ಮನಿರುವುದೇ ದೊಡ್ಡ ತಪ್ಪು.

ಬ್ರೌಸರ್ ಮುಚ್ಚಿದ್ದರೂ ಮೂಲೆಯಲ್ಲಿ ಟಿಂಗ್ ಟಿಂಗ್ ಅಂತ ಜಾಹೀರಾತು ಬರುತ್ತಿದೆಯಾ? ಯಾವುದೋ ಸೈಟ್ ನೋಟಿಫಿಕೇಶನ್ ಕೇಳಿದಾಗ ಅಲೋ ಒತ್ತಿದ್ದೀರಿ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಹುಡುಕಿ, ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ.

ಈ ಅಪ್‌ಡೇಟ್ ಕಾಟ ನಿಲ್ಲಿಸುವುದು ಹೇಗೆ?

ನಿಲ್ಲಿಸಬೇಡಿ. ಕಾಟ ಹೌದು, ಒಪ್ಪುತ್ತೇನೆ. ಆದರೆ 2017ರ ಮೇ 12ರಂದು ವಾನಾಕ್ರೈ ಬಂತಲ್ಲ, ಕಂಪ್ಯೂಟರ್‌ನ ಫೈಲ್‌ಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿದ್ದು, ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಸಮಯವಿತ್ತು. ನಾಳೆ ನಾಡಿದ್ದು ಅಂತ ತಳ್ಳಿದವರು ಸಿಕ್ಕಿಬಿದ್ದರು, 150ಕ್ಕೂ ಹೆಚ್ಚು ದೇಶಗಳಲ್ಲಿ.

ಭದ್ರತೆಯ ಅಪ್‌ಡೇಟ್‌ಗಳು ಮುಖ್ಯವಾಗಿ ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತವೆ. ಕೆಲಸದ ನಡುವೆ ರೀಸ್ಟಾರ್ಟ್ ಆಗಬಾರದು ಅಂದರೆ ವಿಂಡೋಸ್ ಅಪ್‌ಡೇಟ್‌ನಲ್ಲಿ ಆ್ಯಕ್ಟಿವ್ ಅವರ್ಸ್ ಅಂತ ಇದೆ, ನೀವು ಕೂರುವ ಸಮಯ ಅಲ್ಲಿ ಹಾಕಿ. ತೀರಾ ಬೇಕಾದರೆ ಒಂದು ವಾರಕ್ಕೆ ಪಾಜ್ ಒತ್ತಿ ತಡೆಹಿಡಿಯಿರಿ. ಅಪ್‌ಡೇಟ್ ನಡೆಯುವಾಗ ಮಾತ್ರ ಪವರ್ ಬಟನ್ ಒತ್ತಬೇಡಿ. 30 ಶೇಕಡಾದಲ್ಲಿ ಅರ್ಧ ಗಂಟೆ ನಿಂತರೂ ಕಾಯಿರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಡೆಯುವುದೇನೋ ನಡೆಯುತ್ತದೆ, ಆದರೆ ಹೊಸ ತೂತುಗಳನ್ನು ಮುಚ್ಚುವವರು ಇಲ್ಲ. ನೋಂದಾಯಿಸಿಕೊಂಡವರಿಗೆ ಮಾತ್ರ ಸ್ವಲ್ಪ ಕಾಲ ಹೆಚ್ಚುವರಿ ಅಪ್‌ಡೇಟ್ ಸಿಗುವ ಏರ್ಪಾಡು ಮಾಡಿದ್ದರು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹಳೇ ಪ್ರೋಸೆಸರ್‌ಗಳು ನಡೆಯುವುದಿಲ್ಲ. ಅಂಥ ಗಟ್ಟಿಮುಟ್ಟಾದ ಹಳೇ ಪೆಟ್ಟಿಗೆಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿ ಬ್ರೌಸಿಂಗ್‌ಗೆ ಇಟ್ಟುಕೊಳ್ಳಬಹುದು. ನಾನು ಹಾಗೇ ಮಾಡಿದ್ದೇನೆ.

ಬ್ಯಾಕಪ್ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅಷ್ಟು ಬೇಕಾ?

ಈ ಪುಟದಲ್ಲಿ ಬೇರೆ ಏನನ್ನು ಬಿಟ್ಟರೂ ಪರವಾಗಿಲ್ಲ, ಇದೊಂದನ್ನು ಮಾಡಿ. ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು. ಫೋಟೋ ಹೋದರೆ ಎಲ್ಲಿಂದ ತರುತ್ತೀರಿ?

ನನ್ನದೇ ಕತೆ ಹೇಳುತ್ತೇನೆ. ಏಳು ವರ್ಷದ ಫೋಟೋಗಳನ್ನೆಲ್ಲ ಕಂಪ್ಯೂಟರ್‌ನಿಂದ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ, ಜಾಗ ಆಗಲಿ ಅಂತ ಕಂಪ್ಯೂಟರ್‌ನಲ್ಲಿದ್ದದ್ದನ್ನು ಅಳಿಸಿದೆ. ಬ್ಯಾಕಪ್ ಆಯಿತು ಅಂದುಕೊಂಡೆ. ಆಗಿರಲಿಲ್ಲ. ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ ಪ್ರತಿ, ಜಾಗ ಮಾತ್ರ ಬದಲಾಗಿತ್ತು. ಒಂದು ದಿನ ಕೇಬಲ್‌ಗೆ ಕಾಲು ತಗುಲಿ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಎತ್ತಿ ಹಾಕಿದರೆ ಟಿಕ್, ಟಿಕ್, ಟಿಕ್, ಆಮೇಲೆ ಮೌನ. ಫೋನ್‌ಗಳಲ್ಲಿ, ನೆಂಟರ ಹತ್ತಿರ ಹುಡುಕಿ ಹುಡುಕಿ ಒಂದಷ್ಟು ವಾಪಸ್ ಸಿಕ್ಕವು. ಎರಡು ವರ್ಷದವು ಸಿಗಲೇ ಇಲ್ಲ.

ಹಾಗಾಗಿ ಬಲ್ಲವರು ಹೇಳುವ 3-2-1 ಲೆಕ್ಕ ಹಿಡಿಯಿರಿ. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಮನೆ ಮಟ್ಟಿಗೆ ಹೇಳುವುದಾದರೆ ಕಂಪ್ಯೂಟರ್‌ನಲ್ಲಿ ಒಂದು, ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮಷೀನ್ ಮೊದಲೇ ಇವೆ, ಡಿಸ್ಕ್ ಚುಚ್ಚಿ ಆನ್ ಮಾಡಿದರೆ ಮುಂದಿನದು ತಾನಾಗಿ ಆಗುತ್ತದೆ. ಬ್ಯಾಕಪ್ ಮುಗಿದಮೇಲೆ ಡಿಸ್ಕ್ ತೆಗೆದಿಡಿ. ಸದಾ ಚುಚ್ಚಿಟ್ಟರೆ ವಾನಾಕ್ರೈ ಥರದ್ದು ಬಂದಾಗ ಅದಕ್ಕೂ ಬೀಗ ಬೀಳುತ್ತದೆ.

ವನ್‌ಡ್ರೈವ್, ಗೂಗಲ್ ಡ್ರೈವ್ ಇದೆಯಲ್ಲ ಸಾಕು ಅನ್ನುವವರಿಗೆ: ಅದು ಸಿಂಕ್. ನೀವು ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಎರಡರಲ್ಲೂ ಅಳಿಸಿದ ಫೈಲ್ ಅದರ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಮೂರು ಪ್ರತಿಯಲ್ಲಿ ಒಂದಾಗಿ ಒಳ್ಳೆಯದೇ, ಅದೊಂದೇ ಸಾಲದು. ಪೆನ್‌ಡ್ರೈವ್ ಅಂತೂ ಫೈಲ್ ಒಯ್ಯಲು, ಇಟ್ಟುಕೊಳ್ಳಲು ಅಲ್ಲ. ಬ್ಯಾಕಪ್ ಮಾಡಿ ಮೂರು ತಿಂಗಳಾದಮೇಲೆ ಅದರಿಂದ ಒಂದು ಫೈಲ್ ಹೊರತೆಗೆದು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ.

ಸ್ಕ್ಯಾನ್, ರಿಪೇರಿ, ಡಿಫ್ರ್ಯಾಗ್ ಏನೂ ಬೇಡ. ಬೇಕಾದ ಫೈಲ್‌ಗಳನ್ನು ಈಗಲೇ ಬೇರೆ ಕಡೆ ಹಾಕಿ, ತೀರಾ ಮುಖ್ಯವಾದವು ಮೊದಲು. ಕೊನೆಯುಸಿರು ಎಳೆಯುತ್ತಿರುವ ಡಿಸ್ಕ್‌ನಿಂದ ಹೆಚ್ಚು ಕೆಲಸ ಮಾಡಿಸಿದಷ್ಟೂ ಬೇಗ ಹೋಗುತ್ತದೆ. ಸದ್ದಿಲ್ಲ, ಅನುಮಾನ ಮಾತ್ರ ಇದೆ ಅಂದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. ಹಳದಿ ಬಣ್ಣದ ಕಾಷನ್ ಕಂಡರೆ ಹೊಸ ಡಿಸ್ಕ್‌ಗೆ ತಯಾರಾಗಿ. ಎಸ್‌ಎಸ್‌ಡಿ ಸಾಯುವಾಗ ಹೀಗೆ ಸದ್ದು ಮಾಡಿ ಹೇಳುವುದೂ ಇಲ್ಲ, ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ.

ಫ್ಯಾನ್ ವಿಮಾನದ ಹಾಗೆ ಸದ್ದು ಮಾಡುತ್ತದೆ. ಧೂಳು ತೆಗೆಯುವುದು ಹೇಗೆ?

ಪ್ರೋಸೆಸರ್ ಜಾಸ್ತಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಅಂದರೆ ಧೂಳು ತುಂಬಿದ ಕಂಪ್ಯೂಟರ್ ಸ್ಲೋ ಕೂಡ ಆಗುತ್ತದೆ. ಡೆಸ್ಕ್‌ಟಾಪ್ ಆದರೆ ನೀವೇ ತೆಗೆಯಬಹುದು. ಶಟ್‌ಡೌನ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ, ಉಳಿದ ಕರೆಂಟ್ ಹೋಗುತ್ತದೆ. ಸಿಪಿಯು ಡಬ್ಬವನ್ನು ಬಯಲಿಗೆ ಅಥವಾ ಬಾಲ್ಕನಿಗೆ ಒಯ್ಯಿರಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಜಾರಿಸಿದರೆ ಒಳಗೆ ಕಾಣುತ್ತದೆ. ಒಳಗೆ ಕೈ ಹಾಕುವ ಮೊದಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಇಳಿಯಲಿ.

ಪ್ರೋಸೆಸರ್ ಮೇಲಿನ ಫ್ಯಾನ್ ಮತ್ತು ಅದರ ಕೆಳಗಿನ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ, ಬೂದು ಬಣ್ಣದ ಮೆತ್ತನೆಯ ಪದರ, ಕೆಲವೊಮ್ಮೆ ಬೆಕ್ಕಿನ ಕೂದಲೂ ಸೇರಿ. ಮೆತ್ತನೆ ಬ್ರಷ್‌ನಿಂದ ಸಡಿಲ ಮಾಡಿ ಗಾಳಿ ಹೊಡೆಯಿರಿ. ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಗಿರಗಿರ ತಿರುಗುವುದು ನೋಡಲು ಚೆಂದ, ಆದರೆ ಬೇರಿಂಗ್ ಹಾಳಾಗುತ್ತದೆ. ಡಬ್ಬಿಯಲ್ಲಿ ಬರುವ ಗಾಳಿ ಆದರೆ ಡಬ್ಬಿಯನ್ನು ನೆಟ್ಟಗೆ ಹಿಡಿಯಿರಿ, ಓರೆ ಮಾಡಿದರೆ ತಣ್ಣನೆ ದ್ರವ ಬರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಒಳಗೆ ತರಬೇಡಿ, ಅದರ ತುದಿಯಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಪವರ್ ಸಪ್ಲೈ ಪೆಟ್ಟಿಗೆಗೆ ಹೊರಗಿನಿಂದ ಗಾಳಿ ಹೊಡೆಯಿರಿ, ಬಿಚ್ಚಬೇಡಿ. ವೈರ್ ಕಿತ್ತಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಲ್ಯಾಪ್‌ಟಾಪ್ ಆದರೆ ಗಾಳಿ ಬರುವ ಕಿಂಡಿಗಳಿಗೆ ಹೊರಗಿನಿಂದ ಚಿಕ್ಕ ಚಿಕ್ಕದಾಗಿ ಗಾಳಿ ಹೊಡೆದರೆ ಸಾಕು. ಅದಕ್ಕಿಂತ ಮುಖ್ಯ, ಹಾಸಿಗೆ ದಿಂಬಿನ ಮೇಲಿಟ್ಟು ಬಳಸಬೇಡಿ. ಕಿಂಡಿ ಇರುವುದು ಹೆಚ್ಚಾಗಿ ಕೆಳಗೇ.

ಲ್ಯಾಪ್‌ಟಾಪ್ ಯಾವಾಗಲೂ ಚಾರ್ಜ್‌ಗೆ ಹಾಕಿಟ್ಟರೆ ಬ್ಯಾಟರಿ ಕೆಡುತ್ತದಾ?

ಒಡನೆ ಕೆಡುವುದಿಲ್ಲ. ಆದರೆ ಲಿಥಿಯಂ ಬ್ಯಾಟರಿಗೆ ಎರಡು ವಿಷಯ ಆಗಿಬರುವುದಿಲ್ಲ: ಸದಾ ಪೂರ್ತಿ ತುಂಬಿರುವುದು, ಮತ್ತು ಬಿಸಿ. ಎರಡೂ ಸೇರಿದರೆ ಬೇಗ ಸೊರಗುತ್ತದೆ. ಹಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ 80 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಅವರದೇ ಆ್ಯಪ್‌ನಲ್ಲಿ ಇರುತ್ತದೆ, ಮೇಜಿನ ಮೇಲೇ ಇಟ್ಟು ಬಳಸುವವರು ಹಾಕಿಕೊಳ್ಳಿ. ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅನ್ನುವುದು ಹಳೇ ಕಾಲದ ನಿಕ್ಕಲ್ ಬ್ಯಾಟರಿಯ ಮಾತು.

ಟಚ್‌ಪ್ಯಾಡ್ ಉಬ್ಬಿದೆ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅಂದರೆ ಬ್ಯಾಟರಿ ಊದಿಕೊಂಡಿರಬಹುದು. ಅವತ್ತೇ ಚಾರ್ಜ್ ಮಾಡುವುದು, ಬಳಸುವುದು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಗೊತ್ತಿರುವವರ ಕೈಯಿಂದ ತೆಗೆಸಿ.

ಕೀಬೋರ್ಡ್ ಮೇಲೆ ನೀರು ಚೆಲ್ಲಿತು!

ಓದುವುದು ಆಮೇಲೆ. ಚಾರ್ಜರ್ ಕೀಳಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಸೇವ್ ಮಾಡುತ್ತಾ ಕೂರಬೇಡಿ. ತೆರೆದ ಪುಸ್ತಕ ಬೋರಲು ಹಾಕಿದ ಹಾಗೆ ಲ್ಯಾಪ್‌ಟಾಪ್ ಬೋರಲು ನಿಲ್ಲಿಸಿ, ನೀರು ಒಳಗಿನ ಮುಖ್ಯ ಬೋರ್ಡ್ ಕಡೆಗೆ ಇಳಿಯದೆ ಹೊರಗೆ ಬರಲಿ. ಎರಡು ದಿನ ಒಣಗಲಿ. ಹೇರ್ ಡ್ರೈಯರ್ ಬೇಡ. ಅಕ್ಕಿಯಲ್ಲಿ ಹೂತಿಡುವುದೂ ಬೇಡ, ಹೊರಗಿನ ಗಾಳಿಗಿಂತ ಅದು ಹೆಚ್ಚೇನೂ ಮಾಡುವುದಿಲ್ಲ, ಪುಡಿ ಒಳಗೆ ಹೋಗುತ್ತದೆ ಅಷ್ಟೇ. ಸಕ್ಕರೆ ಇರುವ ಪಾನೀಯ ಆದರೆ ಒಣಗಿದರೂ ಅಂಟು ಉಳಿದು ಬೋರ್ಡ್ ತಿನ್ನುತ್ತದೆ, ಬಿಚ್ಚಿ ತೊಳೆಸಲೇಬೇಕು. "ಆನ್ ಆಗುತ್ತದಾ ನೋಡೋಣ" ಅಂತ ನಡುವೆ ಒತ್ತಿ ನೋಡುವವರೇ ಹೆಚ್ಚು ಕಳೆದುಕೊಳ್ಳುವುದು.

ಸ್ಕ್ರೀನ್ ಯಾವುದರಿಂದ ಒರೆಸಲಿ?

ಕನ್ನಡಕ ಒರೆಸುವಂಥ ಮೈಕ್ರೋಫೈಬರ್ ಬಟ್ಟೆ, ಕಲೆ ಇದ್ದರೆ ಅದರ ತುದಿಗೆ ಒಂದಿಷ್ಟು ನೀರು. ಗಾಜಿನ ಕ್ಲೀನರ್ ಬೇಡ, ಅಮೋನಿಯಾ ಇದ್ದರೆ ಲೇಪ ಕಿತ್ತುಬರುತ್ತದೆ. ಸ್ಕ್ರೀನ್ ಮೇಲೆ ನೇರವಾಗಿ ಸ್ಪ್ರೇ ಮಾಡಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ.

ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ಯಾವ ವೆಬ್‌ಸೈಟೂ ತೆರೆಯುವುದಿಲ್ಲ.

ಇದು ನನಗೆ ಇಷ್ಟವಾದ ದೂರು, ಯಾಕೆಂದರೆ ಸರಿಮಾಡುವುದು ಸುಲಭ. ಬೋರ್ಡ್ ಮೇಲೆ ನಾಣ್ಯದಷ್ಟು ದೊಡ್ಡ ಒಂದು ಸೆಲ್ ಇರುತ್ತದೆ, ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್2032 ಅನ್ನುವುದು, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಕೆಲವು ವರ್ಷಕ್ಕೆ ಸೋಲುತ್ತದೆ, ಆಗ ಕಂಪ್ಯೂಟರ್ ಹಳೇ ಇಸವಿಗೆ ಹೋಗಿ ಕೂರುತ್ತದೆ. ವೆಬ್‌ಸೈಟ್‌ಗಳ ಭದ್ರತಾ ಸರ್ಟಿಫಿಕೇಟ್‌ಗೆ ಇಂತಿಷ್ಟು ದಿನಾಂಕದಿಂದ ಅಂತ ಅವಧಿ ಇರುತ್ತದಲ್ಲ, ಆ ತಾರೀಖು ಇನ್ನೂ ಬಂದೇ ಇಲ್ಲ ಅಂದುಕೊಂಡು ಬ್ರೌಸರ್ ಬಾಗಿಲು ಹಾಕುತ್ತದೆ. ವೈರ್ ಕಿತ್ತು, ಪಕ್ಕದ ಕ್ಲಿಪ್ ಒತ್ತಿದರೆ ಸೆಲ್ ಎದ್ದು ಬರುತ್ತದೆ. ಬರಹ ಇರುವ ಮುಖ ಮೇಲೆ ಬರುವಂತೆ ಹೊಸದು ಕೂರಿಸಿ, ತಾರೀಖು ಸರಿಮಾಡಿ. ಐದು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಮೊದಲು ಮುಂದಿನ ಉತ್ತರದಲ್ಲಿ ಬಿಟ್‌ಲಾಕರ್ ಕೀ ಬಗ್ಗೆ ಓದಿಕೊಳ್ಳಿ, ಸೆಲ್ ತೆಗೆದಮೇಲೂ ಅದನ್ನು ಕೇಳಬಹುದು.

ರಿಪೇರಿಗೆ ಕೊಡುವ ಮೊದಲು ಏನು ಮಾಡಬೇಕು?

ಬ್ಯಾಕಪ್, ಗೊತ್ತಾಯಿತಲ್ಲ. ಇನ್ನೊಂದು, ಬಿಟ್‌ಲಾಕರ್ ಕೀ, ಅಂದರೆ ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗದ ಕೈ. ಈಗಿನ ಹಲವು ವಿಂಡೋಸ್ 11 ಕಂಪ್ಯೂಟರ್‌ಗಳಲ್ಲಿ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಬಳಸುವವರಿಗೆ ಗೊತ್ತೂ ಇರುವುದಿಲ್ಲ. ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯೋಸ್ (ಬೋರ್ಡ್‌ನ ಒಳಗಿನ ಮೂಲ ಪ್ರೋಗ್ರಾಮ್) ಅಪ್‌ಡೇಟ್ ಮಾಡಿದರೂ, ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಇಲ್ಲದಿದ್ದರೆ ಫೈಲ್‌ಗಳು ಹೋದಂತೆಯೇ, ಯಾರೂ ತೆಗೆದುಕೊಡಲಾರರು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಇವತ್ತೇ ಲಾಗಿನ್ ಆಗಿ ನೋಡಿ, ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಕಂಪ್ಯೂಟರ್‌ನಲ್ಲೇ ಫೈಲ್ ಮಾಡಿಟ್ಟರೆ ಪೆಟ್ಟಿಗೆಯೊಳಗೆ ಬೀಗದಕೈ ಇಟ್ಟು ಬೀಗ ಹಾಕಿದಂತೆ.

ರಾತ್ರಿ ಆಫ್ ಮಾಡಲಾ, ಸ್ಲೀಪ್ ಸಾಕಾ?

ಸ್ಲೀಪ್ ಸಾಕು, ವಾರಕ್ಕೊಂದು ರೀಸ್ಟಾರ್ಟ್ ಇರಲಿ. ಲ್ಯಾಪ್‌ಟಾಪನ್ನು ಬ್ಯಾಗ್‌ಗೆ ಹಾಕಿ ಹೊರಡುವಾಗ ಮಾತ್ರ ಶಟ್‌ಡೌನ್ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಿಂದ ಬ್ಯಾಗ್ ಒಳಗೇ ಎಚ್ಚರವಾಗಿ, ಇಳಿಯುವ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾದಿರುತ್ತವೆ.

ಹಳೇ ಕಂಪ್ಯೂಟರ್ ಯಾರಿಗೋ ಕೊಡುತ್ತಿದ್ದೇನೆ. ಫಾರ್ಮ್ಯಾಟ್ ಮಾಡಿದರೆ ಸಾಕಲ್ವಾ?

ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಪುಸ್ತಕದ ಪರಿವಿಡಿ ಹರಿದ ಹಾಗೆ, ಪುಟಗಳು ಒಳಗೇ ಇರುತ್ತವೆ, ಉಚಿತ ರಿಕವರಿ ಸಾಫ್ಟ್‌ವೇರ್‌ನಿಂದಲೂ ಎಷ್ಟೋ ವಾಪಸ್ ಬರುತ್ತವೆ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ರೀಸೆಟ್ ಒತ್ತಿ, ಎಲ್ಲವನ್ನೂ ತೆಗೆ ಅನ್ನುವುದನ್ನು ಆರಿಸಿ, ಮುಂದೆ ಸೆಟ್ಟಿಂಗ್ ಬದಲಿಸುವ ಕಡೆ ಕ್ಲೀನ್ ಡೇಟಾ ಅನ್ನುವುದನ್ನು ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಕಂಪ್ಯೂಟರ್ ಆನ್ ಆಗುವ ಸ್ಥಿತಿಯಲ್ಲೇ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಂಡು ಉಳಿದದ್ದನ್ನು ಕೊಡಿ. ನಮ್ಮ ಮನೆಯ ಡ್ರಾಯರ್‌ನಲ್ಲಿ ಅಂಥವು ಮೂರು ಇವೆ. ಕೆಳಗೆ ಬಿದ್ದು ಟಿಕ್ ಟಿಕ್ ಅಂದದ್ದೂ ಅಲ್ಲೇ ಇದೆ.